ಕುಟುಂಬದ ಅಳತೆಗೋಲು ಮತ್ತು ವಿಜಯಪುರ ಸೀಮೆಯ ಮನೆ: ಒಂದು ವಿಮರ್ಶೆ

ಕುಟುಂಬದ ಆರೋಗ್ಯವನ್ನು ಅಂಕಗಳಿಂದ ಅಳೆಯಬಹುದೆಂಬ ನಂಬಿಕೆ ಕಳೆದ ಅರ್ಧ ಶತಮಾನದಲ್ಲಿ ವಿದ್ವತ್ಪ್ರಪಂಚದಲ್ಲಿ ದೃಢವಾಗಿ ಬೇರೂರಿದೆ. ನಮ್ಮ ಕಾಲೇಜುಗಳಲ್ಲಿ ಮನೋವಿಜ್ಞಾನ, ಸಮಾಜಶಾಸ್ತ್ರ, ಸಮಾಜಕಾರ್ಯಗಳನ್ನು ಅಭ್ಯಸಿಸುವವರು ಇಂಗ್ಲಿಷಿನ ಪ್ರಶ್ನಾವಳಿಯೊಂದನ್ನು ಕನ್ನಡಿಸಿಕೊಂಡು ಹಳ್ಳಿಗೆ ಹೊರಡುವುದು ಈಗ ವಾಡಿಕೆಯ ಮಾತಾಗಿದೆ. ಇಂಥ ಪ್ರಶ್ನಾವಳಿಯು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಮನೆಯ ಹೊಸ್ತಿಲನ್ನು ದಾಟಿದಾಗ ಏನನ್ನು ಅಳೆಯುತ್ತದೆ, ಏನನ್ನು ಕಾಣದೆ ಹಿಂತಿರುಗುತ್ತದೆ ಎಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಅಳತೆಯೇ ಬೇಡವೆಂಬುದು ನಮ್ಮ ವಾದವಲ್ಲ. ಅಳೆಯುವವನು ತನ್ನ ಕೋಲಿನ ಗುಣವನ್ನು ಮೊದಲು ಅರಿತಿರಬೇಕೆಂಬುದಷ್ಟೇ ನಮ್ಮ ಅಭಿಪ್ರಾಯ.

1

ಪ್ರಚಲಿತವಾದ ಅಳತೆಗೋಲುಗಳಲ್ಲಿ ಮೂರನ್ನು ಇಲ್ಲಿ ಹೆಸರಿಸಬಹುದು. ಅಮೆರಿಕದಲ್ಲಿ ಡೇವಿಡ್ ಓಲ್ಸನ್ ಮತ್ತು ಅವರ ಸಹೋದ್ಯೋಗಿಗಳು 1979ರಲ್ಲಿ ಮಂಡಿಸಿದ ಮಾದರಿಯು ಕುಟುಂಬವನ್ನು ಎರಡು ನೆಲೆಗಳಿಂದ ನೋಡುತ್ತದೆ: ಒಂದು, ಸದಸ್ಯರ ನಡುವಿನ ಹತ್ತಿರ, ಇನ್ನೊಂದು, ಬದಲಾವಣೆಗೆ ಹೊಂದಿಕೊಳ್ಳುವ ಶಕ್ತಿ. ಎರಡರಲ್ಲಿಯೂ ನಡುವಣ ಸ್ಥಿತಿಯೇ ಕ್ಷೇಮಕರ, ತುದಿಗಳು ಅಪಾಯಕರ ಎಂಬುದು ಅದರ ತಿರುಳು. ತೀರ ದೂರವಾದ ಮನೆಯೂ ತೊಂದರೆಗೆ ಈಡು. ಒಬ್ಬರೊಳಗೊಬ್ಬರು ತೀರ ಹೆಣೆದುಕೊಂಡ ಮನೆಯೂ ತೊಂದರೆಗೆ ಈಡು. ಕೆನಡಾದ ಮ್ಯಾಕ್‌ಮಾಸ್ಟರ್ ಮಾದರಿಯನ್ನು ಆಧರಿಸಿ 1983ರಲ್ಲಿ ಪ್ರಕಟವಾದ ಎರಡನೆಯ ಪ್ರಶ್ನಾವಳಿಯು ಸಮಸ್ಯಾಪರಿಹಾರ, ಸಂವಹನ, ಪಾತ್ರಗಳ ಹಂಚಿಕೆ, ಭಾವಸ್ಪಂದನ, ಭಾವಾಸಕ್ತಿ, ನಡತೆಯ ಹತೋಟಿ ಎಂಬ ಆರು ಮುಖಗಳನ್ನು ಪರೀಕ್ಷಿಸುತ್ತದೆ. ಮೂರನೆಯದು ಗ್ರಹಾಂ ಸ್ಪೇನಿಯರ್ 1976ರಲ್ಲಿ ರಚಿಸಿದ 32 ಪ್ರಶ್ನೆಗಳ ದಾಂಪತ್ಯ ಹೊಂದಾಣಿಕೆಯ ಮಾಪಕ. ಇವೆಲ್ಲವೂ ಪರಿಶ್ರಮದ ಫಲಗಳೆಂಬುದು ನಿರ್ವಿವಾದ. ಆದರೆ ಇವು ಹುಟ್ಟಿದ ಮನೆಗಳಲ್ಲಿ ಗಂಡ, ಹೆಂಡತಿ, ಮಕ್ಕಳು ಒಂದು ಸೂರಿನ ಕೆಳಗಿದ್ದರು. ಆ ಸೂರೇ ಕುಟುಂಬದ ಎಲ್ಲೆಯಾಗಿದ್ದಿತು.

2

ನಮ್ಮ ಸೀಮೆಯಲ್ಲಿ ಮೊದಲ ತೊಡಕು ಈ ಎಲ್ಲೆಯಲ್ಲಿಯೇ ಎದುರಾಗುತ್ತದೆ. 'ನಮ್ಮ ಕುಟುಂಬದಲ್ಲಿ' ಎಂದು ಪ್ರಶ್ನೆ ಆರಂಭವಾದೊಡನೆ, ಉತ್ತರಿಸುವವಳು ಯಾವ ಮನೆಯನ್ನು ನೆನೆಯಬೇಕು? ಮನೆ, ಮನೆತನ, ಸಂಸಾರ, ತವರು, ಭಾವಬಂಧ ಎಂಬ ಬೇರೆ ಬೇರೆ ಮಾತುಗಳು ನಮ್ಮಲ್ಲಿ ಬೇರೆ ಬೇರೆ ಅರ್ಥದಲ್ಲಿ ಬಳಕೆಯಾಗುತ್ತವೆ. ಒಲೆ ಬೇರೆಯಾದರೂ ಹೊಲ ಒಂದೇ ಇರಬಹುದು; ಹೊಲ ಪಾಲಾದರೂ ದೇವರ ಕಾರ್ಯ ಒಂದೇ ಇರಬಹುದು. ಒಂದೇ ಮನೆಯಲ್ಲಿ ವಾಸಿಸುವವರ ಗುಂಪನ್ನೂ ಕುಟುಂಬವೆಂಬ ಸಂಬಂಧಜಾಲವನ್ನೂ ಬೇರ್ಪಡಿಸಿ ನೋಡಬೇಕೆಂದು ಎ. ಎಂ. ಶಾ ಅವರು 1973ರ ತಮ್ಮ ಗ್ರಂಥದಲ್ಲಿಯೇ ಎಚ್ಚರಿಸಿದ್ದರು. ಆ ಎಚ್ಚರಿಕೆ ಪ್ರಶ್ನಾವಳಿಗಳನ್ನು ಅನುವಾದಿಸುವವರ ಕಿವಿಗೆ ಬಿದ್ದಂತೆ ತೋರುವುದಿಲ್ಲ.

ಇದರೊಂದಿಗೆ ದುಡಿಮೆಯ ವಲಸೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಳೆಯನ್ನೇ ನಂಬಿದ ಈ ತಾಲೂಕುಗಳಿಂದ, ವಿಶೇಷವಾಗಿ ತಾಂಡಾಗಳಿಂದ, ಜನರು ಗೋವೆಗೂ ಮಹಾರಾಷ್ಟ್ರಕ್ಕೂ ಬೆಂಗಳೂರಿಗೂ ದುಡಿಯಲು ಹೋಗುತ್ತಾರೆ. ಗಂಡಹೆಂಡಿರು ಅಲ್ಲಿ, ಮಕ್ಕಳು ಅಜ್ಜಿಯ ಬಳಿ ಇಲ್ಲಿ. ಹೀಗೆ ವರ್ಷದ ಕೆಲವು ತಿಂಗಳು ಕಳೆಯುತ್ತವೆ. ಈ ಮನೆಯನ್ನು 'ದೂರವಾದ ಕುಟುಂಬ'ವೆಂದು ವರ್ಗೀಕರಿಸಿದರೆ, ಬರಗಾಲದ ಭಾರವನ್ನು ಮನಸ್ಸಿನ ದೋಷವೆಂದು ಬರೆದಂತಾಗುತ್ತದೆ. ಅಲ್ಲದೆ ತಾಂಡಾದ ಮನೆಮಾತು ಲಂಬಾಣಿ; ಅನೇಕ ಮುಸ್ಲಿಮ್ ಮನೆಗಳಲ್ಲಿ ದಖನಿ. ಪುಸ್ತಕದ ಕನ್ನಡದಲ್ಲಿ ಕೇಳಿದ ಭಾವದ ಪ್ರಶ್ನೆಗೆ ಅಲ್ಲಿಂದ ಬರುವ ಉತ್ತರವು ಎರಡು ಸಲ ಅನುವಾದಗೊಂಡ ಉತ್ತರವೆಂಬುದನ್ನು ಸಂಶೋಧಕರು ಮರೆಯಲಾಗದು.

3

ಎರಡನೆಯ ತೊಡಕು 'ಹತ್ತಿರ'ದ ಅರ್ಥಕ್ಕೆ ಸಂಬಂಧಿಸಿದುದು. ದಕ್ಷಿಣದ ಬಂಧುತ್ವವು ಉತ್ತರದ್ದಕ್ಕಿಂತ ಭಿನ್ನವೆಂಬುದನ್ನು ಇರಾವತಿ ಕರ್ವೆಯವರು 1953ರಲ್ಲಿ ವಿಶದಪಡಿಸಿದರು. ಇಲ್ಲಿ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ಪದ್ಧತಿ ಬಹುಕಾಲದಿಂದಲೂ ಇದೆ. 1955ರ ಹಿಂದೂ ವಿವಾಹ ಅಧಿನಿಯಮವು ಮಾವ-ಸೊಸೆಯರ ಇಂಥ ಸಂಬಂಧವನ್ನು ನಿಷಿದ್ಧ ವರ್ಗದಲ್ಲಿಟ್ಟಿದ್ದರೂ, ರೂಢಿಯಿದ್ದಲ್ಲಿ ಅದಕ್ಕೆ ಅವಕಾಶವನ್ನು ಕೊಟ್ಟಿದೆ. ಇಂಥ ವಿವಾಹದಲ್ಲಿ ಅತ್ತೆಯೆಂದರೆ ತಾಯಿಯ ತಾಯಿ; ಗಂಡನೆಂದರೆ ಬಾಲ್ಯದಲ್ಲಿ ಎತ್ತಿ ಆಡಿಸಿದ ಮಾವ. ತವರಿಗೂ ಗಂಡನ ಮನೆಗೂ ನಡುವಣ ಗೋಡೆ ಮೊದಲಿನಿಂದಲೂ ತೆಳು. ಇಂಥ ಮನೆಯವರು 'ಒಬ್ಬರ ವಿಷಯ ಎಲ್ಲರಿಗೂ ತಿಳಿದಿರುತ್ತದೆ' ಎಂಬ ಹೇಳಿಕೆಗೆ ಹೌದೆಂದರೆ ಮಾಪಕವು ಅದನ್ನು ಅತಿಯಾದ ಹೆಣಿಕೆಯೆಂದು ಎಣಿಸಬಹುದು. ವಾಸ್ತವದಲ್ಲಿ ಆ ಹೆಣಿಕೆಯು ಎಳೆಯ ಸೊಸೆಗೆ ಆಸರೆಯಾಗಿರಬಹುದು. ಅಥವಾ ಅತ್ತೆಯ ವಿರುದ್ಧ ತಾಯಿಗೂ ದೂರು ಹೇಳಲಾರದ ಬಂಧನವೂ ಆಗಿರಬಹುದು, ಏಕೆಂದರೆ ಆ ಅತ್ತೆಯೇ ತಾಯಿಯನ್ನು ಹೆತ್ತವಳು. ಎರಡು ಮನೆಗಳಿಗೂ ದೊರೆಯುವ ಅಂಕ ಒಂದೇ.

ಓಲ್ಸನ್ ಅವರಿಗೆ ಅನ್ಯಾಯವಾಗದಂತೆ ಒಂದು ಮಾತನ್ನು ಇಲ್ಲಿ ಸೇರಿಸಬೇಕು. ಸಮಾಜದ ರೂಢಿಯು ತುದಿಯ ಸ್ಥಿತಿಯನ್ನು ಎತ್ತಿಹಿಡಿಯುವಲ್ಲಿ, ಎಲ್ಲ ಸದಸ್ಯರಿಗೂ ಅದು ಒಪ್ಪಿಗೆಯಾಗಿದ್ದರೆ, ಅಂಥ ಕುಟುಂಬವೂ ಸರಿಯಾಗಿಯೇ ನಡೆಯಬಲ್ಲುದೆಂದು ಅವರೇ ಊಹಿಸಿದ್ದರು. 'ಎಲ್ಲ ಸದಸ್ಯರಿಗೂ' ಎಂಬ ಈ ಷರತ್ತೇ ನಮ್ಮ ವಿಚಾರದ ಕೀಲಿಕೈ. ಆದರೆ ಪ್ರಶ್ನಾವಳಿಯನ್ನು ಹೊತ್ತು ತಂದವರು ಷರತ್ತನ್ನು ದಾರಿಯಲ್ಲಿಯೇ ಬಿಟ್ಟು ಬಂದರು.

4

ದಾಂಪತ್ಯವನ್ನು ಅಳೆಯುವಲ್ಲಿ ತೊಡಕು ಇನ್ನೂ ಸೂಕ್ಷ್ಮವಾಗುತ್ತದೆ. ಸ್ಪೇನಿಯರರ ಮಾಪಕವು ಒಲವಿನ ಪ್ರಕಟನೆಯನ್ನು ಪ್ರತ್ಯೇಕ ಅಂಗವಾಗಿ ಎಣಿಸುತ್ತದೆ. ಚುಂಬನವನ್ನು ಕುರಿತು ನೇರವಾಗಿಯೇ ಕೇಳುತ್ತದೆ. ಇದನ್ನು ಹೊಲಗೆಲಸದಿಂದ ಬಂದ ಹೆಣ್ಣುಮಗಳೆದುರು ಓದಿದರೆ ಉತ್ತರದ ಬದಲು ಸೆರಗು ಬಾಯಿಗೆ ಬರುತ್ತದೆ. ಹಾಗೆಂದು ಅಲ್ಲಿ ಒಲವು ಇಲ್ಲವೆಂದು ಭಾವಿಸಬಹುದೆ? ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಹೆಣ್ಣು, ಮದುವೆ ಸೀಮಂತಗಳಲ್ಲಿ ಒಡಪು ಕಟ್ಟಿ, ಪ್ರಾಸದ ಮರೆಯಲ್ಲಿ ಅದೇ ಹೆಸರನ್ನು ನೆರೆದವರೆಲ್ಲರ ಮುಂದೆ ನುಡಿಯುತ್ತಾಳೆ. ಒಡಪು ಒಲವಿನ ಪ್ರಕಟನೆಯಲ್ಲವೆಂದು ಯಾರು ಹೇಳಬಲ್ಲರು? ಮೌನಕ್ಕೂ ಮಾತಿಗೂ ಇಲ್ಲಿ ಬೇರೆಯೇ ಒಂದು ಲೆಕ್ಕವಿದೆ.

ದಂಪತಿಗಳ ಸಮಾನ ಮಾತುಕತೆಯೆಂಬುದು ನಮಗೆ ಹೊರಗಿನ ಆದರ್ಶವೂ ಅಲ್ಲ. ಬಸವಣ್ಣನವರ ಜನ್ಮಸ್ಥಳವೆಂದು ಪರಂಪರೆಯು ಹೇಳುವ ಬಾಗೇವಾಡಿ ಈ ನಾಲ್ಕು ತಾಲೂಕುಗಳಲ್ಲಿ ಒಂದು. ಅವರ ಕಲ್ಯಾಣದಲ್ಲಿ, ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಮಾರಯ್ಯನನ್ನು ತಡೆದು, ಅದನ್ನು ಹಿಂದಿರುಗಿಸಿ ಬರುವಂತೆ ಹೇಳಿದವಳು ಆತನ ಮಡದಿ ಆಯ್ದಕ್ಕಿ ಲಕ್ಕಮ್ಮ. ಗಂಡನನ್ನು ತಿದ್ದುವ ಅಧಿಕಾರ ಹೆಂಡತಿಗುಂಟೆಂಬುದು ಹನ್ನೆರಡನೆಯ ಶತಮಾನದಲ್ಲಿಯೇ ನಮ್ಮ ಭಾಷೆಯಲ್ಲಿ ಮಾತಾಗಿ ನಿಂತಿದೆ. ಆ ಮಾತು ಮನೆಮನೆಯ ನಡತೆಯಾಯಿತೆ ಎಂಬುದು ಬೇರೆ ಪ್ರಶ್ನೆ.

5

ಆ ಪ್ರಶ್ನೆಗೆ ಸಾಕ್ಷ್ಯವನ್ನು ಎಲ್ಲಿ ಹುಡುಕಬೇಕು? ಹಿಂದಿನ ಇಂಡಿ ತಾಲೂಕಿನ ಹಲಸಂಗಿಯ ಗೆಳೆಯರು, ಎಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮುಂತಾದವರು, ಬೀಸುಕಲ್ಲಿನ ಮುಂದೆ ಕುಳಿತ ಹೆಂಗಸರ ಹಾಡುಗಳನ್ನು ಸಂಗ್ರಹಿಸಿದರು. 'ಗರತಿಯ ಹಾಡು' 1931ರಲ್ಲಿ ಪ್ರಕಟವಾಯಿತು. ಸಾಹಿತ್ಯ ವಿಮರ್ಶಕರು ಅದರ ಕಾವ್ಯಗುಣವನ್ನು ಕೊಂಡಾಡಿದ್ದಾರೆ. ಆದರೆ ಕುಟುಂಬಸಂಶೋಧಕರು ಅದನ್ನು ಸಾಕ್ಷ್ಯವೆಂದು ಎತ್ತಿಕೊಂಡಿರುವುದು ಅಪರೂಪ. ತವರಿನ ಹಂಬಲ, ಅಣ್ಣನ ಬರವಿಗಾಗಿ ಕಾಯುವಿಕೆ, ಕೂಸಿನ ಹಿಗ್ಗು, ಅತ್ತೆಯ ಮನೆಯ ನೋವು, ಗಂಡನ ಮೇಲಣ ಮುನಿಸು ಮತ್ತು ಮಮತೆ ಎಲ್ಲವೂ ಆ ಪರಂಪರೆಯ ವಸ್ತುಗಳು. ಮನೆ ಮಲಗಿರುವ ಹೊತ್ತಿನಲ್ಲಿ, ಕಲ್ಲಿನ ಸದ್ದಿನ ಮರೆಯಲ್ಲಿ, ಹಗಲು ಹೇಳಲಾಗದುದನ್ನು ಹೆಣ್ಣು ಹೇಳಿಕೊಂಡಳು. ಪ್ರಶ್ನಾವಳಿಗಾದರೋ ಅವಳು ಅತ್ತೆಯ ಪಕ್ಕದಲ್ಲಿ, ನಡುಹಗಲಿನಲ್ಲಿ, ಅಪರಿಚಿತನ ಮುಂದೆ ಉತ್ತರಿಸಬೇಕು. 'ನಾವೆಲ್ಲ ಒಗ್ಗಟ್ಟಾಗಿದ್ದೇವೆ' ಎಂಬುದಕ್ಕೆ ಅವಳು ಹೌದೆನ್ನದೆ ಮತ್ತೇನು ಹೇಳಿಯಾಳು?

ಇಲ್ಲಿ ನಾವು ಇನ್ನೊಂದು ಅತಿರೇಕವನ್ನೂ ತಡೆಯಬೇಕು. ಅಳತೆಗೋಲು ಪರದೇಶದ್ದು, ಆದುದರಿಂದ ನಮ್ಮ ಅವಿಭಕ್ತ ಕುಟುಂಬ ನಿರ್ದೋಷಿ ಎಂದು ಸಾರುವ ವಿದ್ವಾಂಸರೂ ಉಂಟು. ಹಾಡುಗಳೇ ಅವರಿಗೆ ಉತ್ತರ. ಆ ಹಾಡುಗಳಲ್ಲಿ ತುಂಬಿದ ಮನೆಯ ಸಂಭ್ರಮದೊಂದಿಗೆ ಅದೇ ಮನೆಯಲ್ಲಿ ಒಂಟಿಯಾದವಳ ಅಳಲೂ ಕೇಳಿಬರುತ್ತದೆ. ಪರದೇಶದ ಕೋಲು ಆರೋಗ್ಯವಂತ ಮನೆಯನ್ನು ರೋಗಿಯೆಂದು ಕರೆಯಬಹುದು; ಸ್ವದೇಶದ ಅಭಿಮಾನವು ನೊಂದವಳನ್ನು ಸುಖಿಯೆಂದು ಕರೆಯಬಹುದು. ಎರಡನೆಯ ತಪ್ಪು ಮೊದಲನೆಯದಕ್ಕಿಂತ ಘೋರವಾದುದು, ಏಕೆಂದರೆ ಅದರ ಬೆಲೆಯನ್ನು ತೆರುವವಳು ಮಾತನಾಡಲಾರದವಳು.

6

ನಮ್ಮವರ ಪ್ರಯತ್ನವನ್ನು ಸ್ಮರಿಸದಿದ್ದರೆ ಈ ವಿಮರ್ಶೆ ಅಪೂರ್ಣ. ಅಮೃತಸರದಲ್ಲಿ ಡಾ. ವಿದ್ಯಾಸಾಗರ್ ಅವರು 1950ರ ದಶಕದಲ್ಲಿಯೇ ಮಾನಸಿಕ ರೋಗಿಗಳ ಬಂಧುಗಳನ್ನು ಆಸ್ಪತ್ರೆಯ ಆವರಣದ ಡೇರೆಗಳಲ್ಲಿ ಉಳಿಸಿಕೊಂಡು, ಅವರನ್ನು ಚಿಕಿತ್ಸೆಯಲ್ಲಿ ಪಾಲುಗಾರರನ್ನಾಗಿ ಮಾಡಿದರು. ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು 1974ರಲ್ಲಿ ನಿಮ್ಹಾನ್ಸ್ ಆಯಿತು. ಕುಟುಂಬ ಚಿಕಿತ್ಸೆ ಅಲ್ಲಿ ನೆಲೆಯೂರಿತು. ಅಲ್ಲಿನ ಭಟ್ಟಿ, ಸುಬ್ಬಕೃಷ್ಣ ಮತ್ತು ಅಜೇರಾ ಅವರು 1986ರಲ್ಲಿ ರೂಪಿಸಿದ ಕುಟುಂಬ ವರ್ತನೆಯ ಮಾಪಕವು ಸಂವಹನ, ಪಾತ್ರ, ಒಗ್ಗಟ್ಟುಗಳೊಂದಿಗೆ ಸಾಮಾಜಿಕ ಆಸರೆಯನ್ನೂ ನಾಯಕತ್ವವನ್ನೂ ಎಣಿಕೆಗೆ ತಂದಿತು. ಮನೆಯ ಹೊರಗಿನ ಆಸರೆ, ಮನೆಯೊಳಗಿನ ಯಜಮಾನಿಕೆ ಎರಡೂ ನಮ್ಮಲ್ಲಿ ಎಷ್ಟು ಮುಖ್ಯವೆಂಬುದನ್ನು ಆ ಸಂಶೋಧಕರು ಕಂಡುಕೊಂಡುದು ಶ್ಲಾಘ್ಯ. ಆದರೆ ಚಿಕಿತ್ಸಾಲಯಕ್ಕೆ ಒದಗುವ ಕೋಲು ಹಳ್ಳಿಗೂ ಹಾಗೆಯೇ ಒದಗುವುದೆಂದು ಭಾವಿಸಲಾಗದು.

ಹಾಗಾದರೆ ಮಾಡಬೇಕಾದುದೇನು? ನಮಗೆ ತೋರುವ ಮಾರ್ಗ ಸರಳ. ಪ್ರಶ್ನೆಗೆ ಮೊದಲು ಪದವನ್ನು ಸಂಗ್ರಹಿಸಬೇಕು: ಜನರು 'ಸಂಸಾರ ಚೆಂದ ನಡದೈತಿ' ಎನ್ನುವಾಗ ಯಾವ ಯಾವ ಗುರುತುಗಳನ್ನು ಹೇಳುತ್ತಾರೆಂಬುದನ್ನು ಬರೆದುಕೊಳ್ಳಬೇಕು. ಸೊಸೆಯಿಂದ ಉತ್ತರವನ್ನು ಪಡೆಯುವಾಗ ಗಂಡನ ಮನೆಯನ್ನೂ ತವರನ್ನೂ ಬೇರೆಬೇರೆಯಾಗಿ ಕೇಳಬೇಕು. ಸಾಧ್ಯವಾದರೆ ಪಂಚಮಿಗೆ ಅವಳು ತವರಿಗೆ ಬಂದಾಗ, ಹೆಂಗಸೇ ಕೇಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಗಂಡ, ಹೆಂಡತಿ, ಅತ್ತೆ ಈ ಮೂವರ ಅಂಕಗಳನ್ನು ಕೂಡಿಸಿ ಸರಾಸರಿ ತೆಗೆಯುವ ಪದ್ಧತಿಯನ್ನು ಬಿಡಬೇಕು. ಅತ್ತೆಯ ದೃಷ್ಟಿಯಲ್ಲಿ ಒಗ್ಗಟ್ಟಿನದಾದ ಮನೆಯು ಸೊಸೆಯ ದೃಷ್ಟಿಯಲ್ಲಿ ಬಿಗಿಯಾದುದಾಗಿದ್ದರೆ, ಆ ಎರಡರ ಅಂತರವೇ ಸಂಶೋಧನೆಯ ಫಲ. ಸರಾಸರಿಯು ಆ ಅಂತರವನ್ನೇ ಅಳಿಸಿಹಾಕುತ್ತದೆ.

ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿ ಇಂಥ ಮನೆಗಳಿಂದಲೇ ಬಂದವರು. ಒಡಪನ್ನೂ ಬೀಸುವ ಪದವನ್ನೂ ಅಜ್ಜಿಯ ಬಾಯಲ್ಲಿ ಕೇಳಿದವರು ಅವರಲ್ಲಿ ಇನ್ನೂ ಇದ್ದಾರೆ. ಪ್ರಶ್ನಾವಳಿಯನ್ನು ಕೈಗೆತ್ತಿಕೊಳ್ಳುವಾಗ ಆ ಕೇಳಿದ ಕಿವಿಯನ್ನು ಮನೆಯಲ್ಲಿ ಬಿಟ್ಟು ಬರಬಾರದೆಂದು ಅವರಲ್ಲಿ ನಮ್ಮ ವಿನಂತಿ.