ಚಾರ್ಜು ನಿಲ್ಲದ ಯಂತ್ರ: ಒಂದು ಔಚಿತ್ಯವಿಚಾರ

ಸಿಂಧನೂರಿನಿಂದ ಮಸ್ಕಿಯ ಮೇಲೆ ಹಾದು ಲಿಂಗಸುಗೂರಿಗೆ ಹೋಗುವ ಬಸ್ಸಿನಲ್ಲಾಗಲಿ, ದಾರಿಯ ಹೊಟೇಲಿನ ಬೆಂಚಿನ ಮೇಲಾಗಲಿ, ಬೇಸಗೆಯ ಮಧ್ಯಾಹ್ನ ಕುಳಿತವನ ಕಿವಿಗೆ ಪದೇಪದೇ ಬೀಳುವ ಮಾತೊಂದುಂಟು: “ಚಾರ್ಜ್ ನಿಲ್ಲವಲ್ದು.” ಗದ್ದೆಯಲ್ಲಿ ನೀರು ನಿಲ್ಲದಿದ್ದಾಗ, ಕೈಯಲ್ಲಿ ರೊಕ್ಕ ನಿಲ್ಲದಿದ್ದಾಗ ಈ ಸೀಮೆಯವರು ಯಾವ ಸಂಕಟದ ದನಿಯಲ್ಲಿ ಈ ಕ್ರಿಯಾಪದವನ್ನು ನುಡಿಯುವರೋ ಅದೇ ದನಿ ಇಂದು ಮೊಬೈಲಿನ ವಿಷಯಕ್ಕೂ ಬಂದಿದೆ. ಇದನ್ನು ಹುಡುಗರ ಗೊಣಗಾಟವೆಂದು ತಳ್ಳಿಹಾಕುವುದು ಸಲ್ಲದು.

ಕಾವ್ಯದಂತೆ ಯಂತ್ರವೂ ಒಂದು ಕೃತಿಯೇ. ಅದಕ್ಕೂ ಕರ್ತೃವಿದ್ದಾನೆ, ಉದ್ದೇಶವಿದೆ, ಸಹೃದಯನಿದ್ದಾನೆ. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಕಾವ್ಯದ ಜೀವವನ್ನು ಔಚಿತ್ಯದಲ್ಲಿ ಕಂಡನು. ಎಂತಹ ಅಲಂಕಾರವಾದರೂ ತಕ್ಕ ಎಡೆಯಲ್ಲಿಲ್ಲದಿದ್ದರೆ ಅದು ಶೋಭೆಯಲ್ಲ ಎಂಬುದು ಅವನ ನಿಲುವು. ಆ ಒರೆಗಲ್ಲಿಗೆ ಇಂದಿನ ಮೊಬೈಲನ್ನು ಉಜ್ಜಿ ನೋಡಬೇಕೆಂದು ನನಗೆ ಬಹುದಿನಗಳಿಂದ ಅನಿಸಿದೆ.

ಹೋಲಿಕೆಗೆ ದೂರ ಹೋಗಬೇಕಾಗಿಲ್ಲ. 2003ರಲ್ಲಿ ಮಾರುಕಟ್ಟೆಗೆ ಬಂದ ನೋಕಿಯಾ 1100 ಎಂಬ ಸಾಧನವನ್ನು ನಮ್ಮ ಹಳ್ಳಿಗಳು ಇನ್ನೂ ಮರೆತಿಲ್ಲ. ನೆತ್ತಿಯ ಮೇಲೊಂದು ಟಾರ್ಚು, ಧೂಳು ಒಳಹೊಗದಂತೆ ಒಂದೇ ಹಾಳೆಯಾಗಿ ಹೊದೆಸಿದ ಗುಂಡಿಗಳು, ಉಗುರಿನಿಂದ ಮೀಟಿದರೆ ಕಳಚುವ ಬೆನ್ನು, ಅದರೊಳಗೆ 850 ಎಂಎಎಚ್ ಸಾಮರ್ಥ್ಯದ ಪುಟ್ಟ ಬ್ಯಾಟರಿ. ಇಷ್ಟರಲ್ಲಿಯೇ ಅದು ನಾಲ್ಕಾರು ದಿನ ಬಾಳುತ್ತಿತ್ತು. ರಾತ್ರಿಯಲ್ಲಿ ನಾಲೆಯ ನೀರು ತಿರುಗಿಸಲು ಗದ್ದೆಗೆ ಹೋಗುವವನಿಗೆ ಏನು ಬೇಕೆಂಬುದನ್ನು ಬಲ್ಲವರು ಮಾಡಿದ ವಸ್ತು ಅದು. ಇಂದಿನ ಫೋನಿನ ಬ್ಯಾಟರಿ ಸಾಮಾನ್ಯವಾಗಿ 5000 ಎಂಎಎಚ್, ಅಂದರೆ ಆರು ಮಡಿಗೆ ಸಮೀಪ. ಆದರೂ ಸಂಜೆಯ ವೇಳೆಗೆ ಅದು ಕೆಂಪು ಗೆರೆ ತೋರಿಸುತ್ತದೆ. ಹೊಸ ಯಂತ್ರವು ಹಣ ಕೊಡುತ್ತದೆ, ದಾರಿ ತೋರುತ್ತದೆ, ಚಿತ್ರ ತೆಗೆಯುತ್ತದೆ, ಹೊಲದ ಪಂಪ್‌ಸೆಟ್ಟನ್ನು ಮನೆಯಿಂದಲೇ ಚಾಲೂ ಮಾಡಿಸುತ್ತದೆ. ಆ ಹಳೆಯ ವಸ್ತುವಿಗೆ ಈ ಶಕ್ತಿಗಳಾವುವೂ ಇರಲಿಲ್ಲವೆಂಬುದನ್ನು ಒಪ್ಪದಿದ್ದರೆ ವಿಮರ್ಶೆಯು ಪಕ್ಷಪಾತವಾದೀತು. ನನ್ನ ಆಕ್ಷೇಪ ಅದರ ಕಾರ್ಯಬಾಹುಳ್ಯದ ಮೇಲಲ್ಲ, ಅದನ್ನು ರೂಪಿಸಿದವರು ಮನಸ್ಸಿನಲ್ಲಿಟ್ಟುಕೊಂಡ ದೇಶಕಾಲಗಳ ಮೇಲೆ.

ಬಯಲಿನ ಬಿಸಿಲಿನಲ್ಲಿ ಅಕ್ಷರ ಕಾಣಬೇಕಾದರೆ ಪರದೆಯ ಬೆಳಕನ್ನು ತುದಿಗೇರಿಸಬೇಕು. ಫೋನು ತಿನ್ನುವ ವಿದ್ಯುತ್ತಿನಲ್ಲಿ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಟವರು ದೂರವಿದ್ದಷ್ಟೂ ಫೋನು ತನ್ನ ಸಂಕೇತವನ್ನು ಹೆಚ್ಚು ಬಲದಿಂದ ಕಳಿಸಬೇಕಾಗುತ್ತದೆ. ಪೇಟೆಯಲ್ಲಿ ದಿನವಿಡೀ ನಿಲ್ಲುವ ಚಾರ್ಜು ಅಡವಿಯ ಅಂಚಿನ ಹೊಲದಲ್ಲಿ ಜೇಬಿನೊಳಗೆ ಸುಮ್ಮನಿದ್ದೇ ಕರಗುವುದು ಇದರಿಂದ. ಎಲ್ಲಕ್ಕಿಂತ ಮಿಗಿಲಾದುದು ತಾಪ. 1991ರಲ್ಲಿ ಸೋನಿ ಸಂಸ್ಥೆಯು ಮೊದಲು ವ್ಯಾಪಾರಕ್ಕೆ ತಂದ, 2019ರಲ್ಲಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರಿಗೆ ನೊಬೆಲ್ ಪುರಸ್ಕಾರ ತಂದುಕೊಟ್ಟ ಲಿಥಿಯಂ-ಅಯಾನ್ ಬ್ಯಾಟರಿಯು ಮನುಷ್ಯಬುದ್ಧಿಯ ಮಹತ್ತಾದ ಸಿದ್ಧಿಯೇ ಸರಿ. ಆದರೆ ಬಿಸಿ ಏರಿದಂತೆ ಅದರೊಳಗಿನ ರಾಸಾಯನಿಕ ದ್ರವವು ಕೆಡುತ್ತ ಬರುತ್ತದೆ, ಒಮ್ಮೆ ಕಳೆದ ಸಾಮರ್ಥ್ಯವು ಮರಳಿ ಬಾರದು. 35 ಡಿಗ್ರಿಗಿಂತ ಮಿಗಿಲಾದ ಹವೆಯಲ್ಲಿ ತನ್ನ ಫೋನನ್ನು ಬಳಸಬಾರದೆಂದು ಆಪಲ್ ಸಂಸ್ಥೆಯೇ ಹೇಳುತ್ತದೆ. ರಾಯಚೂರು ಜಿಲ್ಲೆಯಲ್ಲಿ ಮೇ ತಿಂಗಳ ನೆರಳೇ 40 ದಾಟುವುದು. ಹಾಗಾದರೆ ಈ ಕೃತಿಯನ್ನು ಯಾವ ಊರಿನ ಓದುಗನಿಗಾಗಿ ಬರೆದರು?

ಸಿಂಧನೂರಿನ ಒಂದು ರಿಪೇರಿ ಅಂಗಡಿಯಲ್ಲಿ ನನ್ನ ಫೋನನ್ನು ಬಿಚ್ಚಿಸಿದ ದಿನ ಅರ್ಧ ಗಂಟೆ ಎದುರಿಗೇ ಕುಳಿತಿದ್ದೆನು. ಕೊಂಡು ಎರಡು ವರ್ಷವೂ ತುಂಬಿರಲಿಲ್ಲ. ಹುಡುಗನು ಬಿಸಿಗಾಳಿಯ ಯಂತ್ರವನ್ನು ಬೆನ್ನಿನ ಅಂಚಿಗೆ ಹಿಡಿದು, ಅಂಟು ಮೆತ್ತಗಾದಾಗ ಹಳೆಯ ಸಿಮ್ ಕಾರ್ಡಿನ ತೆಳ್ಳನೆಯ ತುಂಡನ್ನು ಸಂದಿಗೆ ತೂರಿಸಿ, ಉಸಿರು ಬಿಗಿಹಿಡಿದು ಸುತ್ತಲೂ ಎಳೆದನು. ಒಳಗಿನ ಬ್ಯಾಟರಿ ಎಣ್ಣೆಯಿಂದೆದ್ದ ಪೂರಿಯಂತೆ ಉಬ್ಬಿತ್ತು. “ಇಷ್ಟು ದಿನ ಇದನ್ನ ಜೇಬಿನ್ಯಾಗ ಇಟ್ಕೊಂಡು ತಿರಿಗೀರೇನ್ರೀ ಸರ್!” ಎಂದನು. ಆ ಹುಡುಗನ ಬೆರಳುಗಳ ಜಾಣ್ಮೆಗೆ ನನ್ನಲ್ಲಿ ಗೌರವ ಹುಟ್ಟಿತು. ಹಿಂದೆ ಉಗುರೊಂದು ಮಾಡುತ್ತಿದ್ದ ಕೆಲಸಕ್ಕೆ ಈಗ ಇಷ್ಟು ಜಾಣ್ಮೆಯೂ ಇಷ್ಟು ಅಪಾಯವೂ ಬೇಕಾಗಿರುವುದನ್ನು ಕಂಡು ಸಿಟ್ಟೂ ಬಂದಿತು. ಸವೆದೇ ಸವೆಯುವ ಒಂದು ಅಂಗವನ್ನು ಅಂಟುಹಾಕಿ ಮುಚ್ಚುವುದು ತೆಳುವಿನ ಸೊಬಗಿಗಾಗಿ ಎನ್ನುವರು. ಸುಲಭವಾಗಿ ಬದಲಾಯಿಸಬಹುದಾಗಿದ್ದ ಒಂದು ತುಂಡಿಗಾಗಿ ಇಡೀ ಫೋನನ್ನೇ ಬಿಸುಡುವಂತೆ ಮಾಡುವ ಸೊಬಗು ನನ್ನ ದೃಷ್ಟಿಯಲ್ಲಿ ದೋಷವೇ. ಬಿಸುಟ ಫೋನಿನೊಡನೆ ಏನು ಹೋಗುತ್ತದೆಂಬುದನ್ನೂ ನೋಡಬೇಕು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಚಿನ್ನದ ಗಣಿಯಲ್ಲಿ ನೆಲದಾಳದಿಂದ ಮೇಲೆತ್ತಿದ ಒಂದು ಟನ್ ಅದಿರನ್ನು ಪುಡಿಮಾಡಿದರೆ ದೊರೆಯುವುದು ಕೆಲವೇ ಗ್ರಾಂ ಚಿನ್ನ. ಅದೇ ತೂಕದ ಬಿಸುಟ ಮೊಬೈಲುಗಳಲ್ಲಿ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಚಿನ್ನವಿರುತ್ತದೆ. ಗಣಿಯ ಬೆವರನ್ನು ಬಲ್ಲ ನೆಲದಲ್ಲಿ ಈ ದುಂದನ್ನು ನೋಡಿ ಸುಮ್ಮನಿರುವುದು ಕಷ್ಟ.

ಆದರೂ ಪಟ್ಟಣಿಗನ ಕಷ್ಟ ಅನನುಕೂಲದಲ್ಲಿ ಮುಗಿಯುತ್ತದೆ; ಹಳ್ಳಿಯ ಕೂಲಿಯವರಿಗೆ ಅದು ಪಗಾರವನ್ನೇ ಮುಟ್ಟುತ್ತದೆ. ಉದ್ಯೋಗ ಖಾತ್ರಿ ಯೋಜನೆಯ ಕೂಲಿಗಾರರ ಹಾಜರಿಯನ್ನು 2023ರ ಜನವರಿ 1ರಿಂದ ಮೊಬೈಲ್ ಆ್ಯಪಿನಲ್ಲಿಯೇ, ದಿನಕ್ಕೆ ಎರಡು ಬಾರಿ ಸ್ಥಳದ ಗುರುತುಳ್ಳ ಫೋಟೋದೊಡನೆ ದಾಖಲಿಸುವುದು ಕಡ್ಡಾಯವಾಯಿತು. ಮಸ್ಕಿಯ ಆಚೆ ಕೆರೆಯ ಹೂಳೆತ್ತುವ ಕಡೆ ಕಾಯಕ ಬಂಧುವಾಗಿದ್ದ, ಎಂದರೆ ಕೂಲಿಗಾರರ ಹಾಜರಿ ಹಿಡಿಯುವ ಹೊಣೆ ಹೊತ್ತಿದ್ದ ಹೆಣ್ಣುಮಗಳೊಬ್ಬಳು ಬೆಳಗಿನ ಫೋಟೋ ಮುಗಿದೊಡನೆ ಫೋನನ್ನು ಬಂದ್ ಮಾಡಿ, ಬುತ್ತಿಯ ಗಂಟಿನ ಪಕ್ಕದಲ್ಲಿ, ಜಾಲಿಯ ನೆರಳು ಸರಿದಂತೆ ತಾನೂ ಸರಿಸಿ ಇಡುತ್ತಿದ್ದಳು. “ಎರಡನೇ ಫೋಟೋತನಕ ಇದು ಜೀವ ಹಿಡ್ಕೊಂಡಿರ್ಬೇಕ್ರಿ ಯಪ್ಪಾ, ಎಲ್ಲಾರ ಪಗಾರ ಇದ್ರಾಗೈತಿ” ಎಂದಳು. ಅವಳು ಆ ನಡುವೆ ಮನೆಯ ಕೂಸಿನ ಸುದ್ದಿ ಕೇಳಲೂ ಫೋನು ತೆಗೆಯಲಿಲ್ಲ. ಹಾಳೆಯ ಹಾಜರಿ ಪುಸ್ತಕಕ್ಕೆ ಎಂದೂ ಬೇಕಾಗಿರದಿದ್ದ ಈ ಜೋಪಾನವನ್ನು ಅವಳಿಗೆ ಕಲಿಸಿದವರು ಯಾರು?

ಇದಕ್ಕೆ ದಾರಿಯೇ ಇಲ್ಲವೆಂದಲ್ಲ. ಯುರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಯಾದ ನಿಯಮದಂತೆ, 800 ಬಾರಿ ಪೂರ್ತಿ ಚಾರ್ಜಾಗಿ ಬರಿದಾದ ಮೇಲೂ ಬ್ಯಾಟರಿಯು ಮೊದಲಿನ ಸಾಮರ್ಥ್ಯದಲ್ಲಿ ನೂರಕ್ಕೆ 80 ಪಾಲನ್ನು ಉಳಿಸಿಕೊಂಡಿರಬೇಕು. ಅಂತಹ ಕಟ್ಟಳೆ ನಮ್ಮಲ್ಲಿಯೂ ಬರಬೇಕು. ಬಂದರೆ ಅದರ ಪರೀಕ್ಷೆಯು ತಂಪು ಕೋಣೆಯಲ್ಲಿ ನಡೆಯದೆ ನಮ್ಮ ಮೇ ತಿಂಗಳ ತಾಪದಲ್ಲಿ ನಡೆಯಬೇಕು, ಬ್ಯಾಟರಿಯು ಮತ್ತೆ ಉಗುರಿಗೆ ಕಳಚುವಂತಿರಬೇಕು. ಅದು ಆಗುವ ತನಕ, ಕೂಲಿಯ ಲೆಕ್ಕವನ್ನು ಫೋನಿಗೆ ಕಟ್ಟಿಹಾಕಿದ ಸರ್ಕಾರವು ಕಾಮಗಾರಿಗೊಂದರಂತೆ ಒಂದು ಪವರ್ ಬ್ಯಾಂಕನ್ನಾದರೂ ಕಾಯಕ ಬಂಧುವಿನ ಕೈಗೆ ಕೊಡಲಿ.