ಕಲ್ಯಾಣ ಪ್ರಾಂತದ ಚಿತ್ರಕಾರರೂ ಒಂದು ಹಳೆಯ ಮಾನದಂಡವೂ

ಬಸವಕಲ್ಯಾಣದಿಂದ ಹುಮನಾಬಾದಿಗೆ ಬರುವ ದಾರಿಯು ಚಾಳುಕ್ಯರ ಹಳೆಯ ರಾಜಧಾನಿಯನ್ನು ಮಾಣಿಕನಗರದೊಡನೆ ಕೂಡಿಸುವುದು. ಮಾಣಿಕಪ್ರಭುಗಳು (೧೮೧೭–೧೮೬೫) ನೆಲೆಗೊಳಿಸಿದ ಈ ಸಂಸ್ಥಾನದಲ್ಲಿ ಸಂಗೀತಕ್ಕೆ ಮೊದಲಿನಿಂದಲೂ ಮನ್ನಣೆಯಿರುವುದು. ಪ್ರಭುಗಳು ತಾವೇ ಕನ್ನಡ, ಮರಾಠಿ ಮೊದಲಾದ ಹಲವು ನುಡಿಗಳಲ್ಲಿ ಪದಗಳನ್ನು ರಚಿಸಿದವರು. ಹಾಡುವವನಿಗೆ ಇಲ್ಲಿ ಸಭೆಯಿದ್ದಿತು, ಕೇಳುವ ಕಿವಿಯಿದ್ದಿತು, ಹಾಡಿನ ಗುಣದೋಷಗಳನ್ನು ಹೇಳಬಲ್ಲ ರಸಿಕನೂ ಇದ್ದನು. ಚಿತ್ರ ಬರೆಯುವವನಿಗೆ ಅಂತಹ ಸಭೆಯು ಈ ಸೀಮೆಯಲ್ಲಿ ಬಹುಕಾಲ ದೊರೆಯಲಿಲ್ಲ. ಸಾಮಾನ್ಯರ ಮನೆಯ ಗೋಡೆಗೆ ಚಿತ್ರವು ಬಂದದ್ದು ಬಹುಮಟ್ಟಿಗೆ ಅಚ್ಚಿನ ಪಟವಾಗಿ, ಪಂಚಾಂಗದೊಡನೆ ತೂಗುವ ಕ್ಯಾಲೆಂಡರಾಗಿ. ಅದನ್ನು ನೋಡಿ ಕೈಮುಗಿದವರು ಅಸಂಖ್ಯರು. ಅದನ್ನು ಚಿತ್ರವೆಂದು ನೋಡಿ ಒರೆಗೆ ಹಚ್ಚಿದವರು ತೀರ ಕೆಲವರು.

ಈ ಕೊರತೆಯು ಚಿತ್ರಕಾರರ ಕೊರತೆಯಲ್ಲ. ಮಾಣಿಕನಗರಕ್ಕೆ ಸಮೀಪದ ದೊಡ್ಡ ಊರಾದ ಕಲಬುರಗಿಯಲ್ಲಿ ಕಳೆದ ನೂರು ವರ್ಷಗಳಲ್ಲಿ ಗಣನೀಯರಾದ ಚಿತ್ರಕಾರರು ಆಗಿಹೋಗಿರುವರು, ಕಲಾಸಂಸ್ಥೆಗಳು ಹುಟ್ಟಿರುವವು, ಪ್ರದರ್ಶನಗಳು ನಡೆದಿರುವವು. ಆದರೆ ಆ ಕೆಲಸವನ್ನು ತೂಗಿ ನೋಡುವ ಬರಹವು ಕೆಲಸದಷ್ಟು ಬೆಳೆದಿಲ್ಲ. ಬಂದಿರುವ ಬರಹವೂ ಎರಡು ಜಾಡುಗಳಲ್ಲಿ ಸಿಕ್ಕಿಬಿದ್ದಿರುವುದು. ಒಂದು, ಹಿಂದುಳಿದ ನಾಡಿನಲ್ಲಿಯೂ ಕಲೆ ಬೆಳೆಯಿತೆಂಬ ಅಭಿನಂದನೆಯ ಜಾಡು. ಇನ್ನೊಂದು, ಮುಂಬಯಿ ಬರೋಡೆಗಳಲ್ಲಿ ನಡೆದ ನವ್ಯತೆಯು ಇಲ್ಲಿಗೆ ಎಷ್ಟು ತಡವಾಗಿ ಮುಟ್ಟಿತೆಂದು ಲೆಕ್ಕಹಾಕುವ ಜಾಡು. ಮೊದಲನೆಯದರಲ್ಲಿ ಕನಿಕರವಿದೆ, ಎರಡನೆಯದರಲ್ಲಿ ತಾತ್ಸಾರವಿದೆ. ವಿಮರ್ಶೆಯು ಎರಡರಲ್ಲಿಯೂ ಇಲ್ಲ.

ಹಾಗಾದರೆ ಯಾವ ಮಾನದಂಡದಿಂದ ಇವರನ್ನು ಅಳೆಯತಕ್ಕದ್ದು? ಇದಕ್ಕೆ ಬಹುದೂರ ಹೋಗಬೇಕಾದುದಿಲ್ಲ. ಕಲ್ಯಾಣದಿಂದ ಆಳಿದ ಚಾಳುಕ್ಯ ಭೂಲೋಕಮಲ್ಲ ಸೋಮೇಶ್ವರನ (೧೧೨೬–೧೧೩೮) ‘ಮಾನಸೋಲ್ಲಾಸ’ದಲ್ಲಿ ಚಿತ್ರಕರ್ಮಕ್ಕೆ ವಿಸ್ತಾರವಾದ ಸ್ಥಳವಿರುವುದು. ‘ಅಭಿಲಷಿತಾರ್ಥಚಿಂತಾಮಣಿ’ ಎಂಬ ಹೆಸರೂ ಈ ಗ್ರಂಥಕ್ಕುಂಟು; ಐದು ವಿಂಶತಿಗಳಾಗಿ ನೂರು ಅಧ್ಯಾಯಗಳುಳ್ಳ ಇದರ ಮೊದಲ ಭಾಗವನ್ನು ಆ ಹೆಸರಿನಿಂದಲೇ ೧೯೨೬ರಲ್ಲಿ ಮೈಸೂರಿನ ಪ್ರಾಚ್ಯಪುಸ್ತಕಾಲಯವು ಪ್ರಕಟಿಸಿತು. ಗೋಡೆಗೆ ಗಾರೆಯನ್ನು ಬಳಿಯುವ ಬಗೆ, ಎಮ್ಮೆಯ ಹಸಿದೊಗಲನ್ನು ಬೆಣ್ಣೆಯಂತಾಗುವವರೆಗೆ ಕುದಿಸಿ ವಜ್ರಲೇಪವೆಂಬ ಅಂಟನ್ನು ಮಾಡುವ ಬಗೆ, ಶಂಖದ ಬಿಳುಪು, ಹರಿತಾಳದ ಹಳದಿ, ಕಾಡಿಗೆಯ ಕಪ್ಪು ಮೊದಲಾದ ಬಣ್ಣಗಳ ಬೆರಕೆ, ಚಿನ್ನದ ಪುಡಿಯ ಉಪಯೋಗ, ಇವೆಲ್ಲವೂ ಅದರಲ್ಲಿ ಬಂದಿರುವುವು. ಇಷ್ಟಾದರೆ ಅದು ಕುಶಲಕರ್ಮಿಯ ಕೈಪಿಡಿ ಮಾತ್ರ ಆಗುತ್ತಿತ್ತು. ಆದರೆ ಸೋಮೇಶ್ವರನು ಚಿತ್ರಗಳನ್ನು ವಿಂಗಡಿಸಿಯೂ ಇರುವನು. ಕನ್ನಡಿಯಲ್ಲಿನ ಪ್ರತಿಬಿಂಬದಂತೆ ವಸ್ತುವನ್ನು ಹೋಲುವುದು ವಿದ್ಧ. ಬರೆಯಬೇಕೆಂಬ ಬಯಕೆಯಿಂದ ಹಠಾತ್ತಾಗಿ ಹುಟ್ಟಿ ಆಕಾರಮಾತ್ರದಿಂದಲೇ ಸಂಪನ್ನವಾಗುವುದು ಅವಿದ್ಧ. ನೋಡಿದೊಡನೆಯೇ ಶೃಂಗಾರಾದಿ ರಸಗಳು ತಿಳಿದುಬರುವುದು ಭಾವಚಿತ್ರ. ದ್ರವವರ್ಣದಿಂದ ಆದುದು ರಸಚಿತ್ರ. ಪುಡಿಯಿಂದ ಆದುದು ಧೂಳಿಚಿತ್ರ.

ಹನ್ನೆರಡನೆಯ ಶತಮಾನದ ಅರಸನೊಬ್ಬನ ವಿಂಗಡಣೆಯಿಂದ ಇಂದಿನ ಚಿತ್ರವನ್ನು ಅಳೆಯುವುದು ಸರಿಯೇ ಎಂಬ ಆಕ್ಷೇಪಣೆಯು ಸಹಜವಾದುದು. ಸೋಮೇಶ್ವರನು ಅಚ್ಚಿನ ಯಂತ್ರವನ್ನಾಗಲಿ, ಪೇಟೆಗಾಗಿ ಬರೆದ ಪಟವನ್ನಾಗಲಿ, ಪ್ರದರ್ಶನಶಾಲೆಯನ್ನಾಗಲಿ ಕಂಡವನಲ್ಲ. ಆದುದರಿಂದ ಅವನ ಮಾತನ್ನು ವಿಧಿಯೆಂದು ಹಿಡಿಯಲಾಗದು. ಆದರೆ ಹೋಲಿಕೆ, ಕಲ್ಪನೆ, ಭಾವ, ದ್ರವ್ಯ ಎಂಬ ಭೇದಗಳನ್ನು ಅವನು ಒಂದರೊಡನೊಂದು ಬೆರಸದೆ ಬೇರೆಬೇರೆಯಾಗಿ ಇಟ್ಟಿರುವನು. ಹೋಲುವುದೇ ಚಿತ್ರದ ಸರ್ವಸ್ವವೆಂದೂ ಅವನು ಹೇಳಲಿಲ್ಲ. ಹೋಲಿಕೆಯನ್ನು ಹೀನವೆಂದೂ ಹೇಳಲಿಲ್ಲ. ಇಂದಿನ ವಾದಗಳಿಗೆ ಬೇಕಾದ ಸಮದೃಷ್ಟಿಯು ಇದೇ ಆಗಿರುವುದು.

ಈ ದೃಷ್ಟಿಯಿಂದ ನೋಡುವಾಗ ಮೊದಲು ಬರತಕ್ಕವರು ಎಸ್. ಎಂ. ಪಂಡಿತರು (೧೯೧೬–೧೯೯೩). ಕಲಬುರಗಿಯಲ್ಲಿ ಹುಟ್ಟಿದ ಇವರಿಗೆ ಚಿತ್ರದ ಮೊದಲ ಪಾಠಗಳು ಅದೇ ಊರಿನ ಶಂಕರರಾವ್ ಆಳಂದಕರರಿಂದ ಆದುವು. ಮುಂದಿನ ಕಲಿಕೆಗೆ ಇವರು ಮದರಾಸಿಗೂ ಆ ಬಳಿಕ ಮುಂಬಯಿಗೂ ಹೋಗಬೇಕಾಯಿತು. ಮುಂಬಯಿಯಲ್ಲಿ ಜಿ. ಎಸ್. ದಂಡಾವತಿಮಠರು ನಡೆಸುತ್ತಿದ್ದ ನೂತನ ಕಲಾಮಂದಿರವು ಕನ್ನಡಿಗ ವಿದ್ಯಾರ್ಥಿಗಳ ಪಾಲಿಗೆ ಹೆಬ್ಬಾಗಿಲಾಗಿದ್ದಿತು, ಕೆ. ಕೆ. ಹೆಬ್ಬಾರರೂ (೧೯೧೧–೧೯೯೬) ಆ ಬಾಗಿಲಿನಿಂದಲೇ ಒಳಹೊಕ್ಕವರು. ಒಂದೇ ಮನೆಯಲ್ಲಿ ಕಲಿತ ಈ ಇಬ್ಬರ ದಾರಿಗಳು ಮುಂದೆ ಅಗಲಿದುವು. ಹೆಬ್ಬಾರರು ಪ್ರದರ್ಶನಶಾಲೆಯ ಕಡೆಗೆ ನಡೆದರು. ಪಂಡಿತರು ಚಲಚ್ಚಿತ್ರಗಳ ಪ್ರಚಾರಪಟಗಳನ್ನೂ ‘ಫಿಲ್ಮಿಂಡಿಯಾ’ ಪತ್ರಿಕೆಯ ಹೊದಿಕೆಗಳನ್ನೂ ಕ್ಯಾಲೆಂಡರುಗಳಿಗಾಗಿ ಪುರಾಣಚಿತ್ರಗಳನ್ನೂ ಬರೆದರು. ಹೆಬ್ಬಾರರನ್ನು ಕಲೆಯ ಚರಿತ್ರೆಯು ಆದರದಿಂದ ಬರಮಾಡಿಕೊಂಡಿತು; ಪಂಡಿತರನ್ನು ‘ಕ್ಯಾಲೆಂಡರ್ ಚಿತ್ರಕಾರ’ರೆಂಬ ಒಂದೇ ಮಾತಿನಿಂದ ಹೊರಗೆ ನಿಲ್ಲಿಸಿತು.

ಈ ಮಾತು ಚಿತ್ರವು ಎಲ್ಲಿ ತೂಗಿತೆಂಬುದನ್ನು ತಿಳಿಸುವುದೇ ಹೊರತು ಚಿತ್ರವು ಎಂತಹುದೆಂಬುದನ್ನು ತಿಳಿಸುವುದಿಲ್ಲ. ಪಂಡಿತರ ಕೈಯ ಹಿರಿಮೆಯು ವಿದ್ಧದಲ್ಲಿ ಇರುವುದು. ಮೈಯ ಮೇಲೆ ಬೀಳುವ ಬೆಳಕು, ರೇಷ್ಮೆಯ ಮಡಿಕೆ, ಒಡವೆಯ ಹೊಳಪು, ಸೆಟೆದ ಸ್ನಾಯುವಿನ ತಿರುವು, ಇವನ್ನು ಅವರಷ್ಟು ನಿರಾಯಾಸವಾಗಿ ತೋರಿಸಿದವರು ಅವರ ಕಾಲದಲ್ಲಿ ವಿರಳ. ಅಪಾರದರ್ಶಕ ಜಲವರ್ಣದಲ್ಲಿ ತಪ್ಪನ್ನು ಮುಚ್ಚಿ ತಿದ್ದುತ್ತ ಹೋದರೆ ಬಣ್ಣವು ಮಂಕಾಗುವುದು; ಅಂತಹ ಮಾಧ್ಯಮದಲ್ಲಿಯೂ ಅವರ ವರ್ಣವು ತಾಜಾತನವನ್ನು ಕಳೆದುಕೊಳ್ಳದು. ರಾಜಾ ರವಿವರ್ಮನು (೧೮೪೮–೧೯೦೬) ಪುರಾಣಪಾತ್ರಗಳನ್ನು ಅಚ್ಚಿನ ಮೂಲಕ ಮನೆಮನೆಗೆ ತಂದನು. ಆದರೆ ಅವನ ಪಾತ್ರಗಳು ಸಾಮಾನ್ಯವಾಗಿ ನಿಂತು ಕಾಣಿಸಿಕೊಳ್ಳುವುವು. ಪಂಡಿತರ ಪಾತ್ರಗಳಾದರೋ ಚಲಿಸುವುವು. ಒಂದು ಕಥೆಯ ಅತ್ಯಂತ ಬಿಗಿಯಾದ ಗಳಿಗೆಯನ್ನು ಆರಿಸಿಕೊಳ್ಳುವ ಅವರ ವಿವೇಕವು ಪ್ರಚಾರಪಟದ ಕಸುಬಿನಲ್ಲಿ ಹರಿತವಾದುದೆಂದು ಹೇಳಬಹುದು.

ಕೊರತೆಯೂ ಅಲ್ಲಿಂದಲೇ ಹುಟ್ಟಿರುವುದು. ಭಾವಚಿತ್ರದ ಲಕ್ಷಣವೆಂದರೆ ರಸವು ದರ್ಶನಮಾತ್ರದಿಂದ ತಿಳಿಯುವುದು. ಪಂಡಿತರ ಚಿತ್ರಗಳಲ್ಲಿ ಅದು ಖಂಡಿತವಾಗಿಯೂ ತಿಳಿಯುವುದು. ಆದರೆ ಒಂದು ಸಲ ತಿಳಿದ ಮೇಲೆ ಮತ್ತೆ ಬೆಳೆಯದು. ಅವರ ಮೇನಕೆಯ ಶೃಂಗಾರವು ಬೆಳ್ಳಿತೆರೆಯ ನಾಯಿಕೆಯ ಶೃಂಗಾರಕ್ಕೆ ಸಮೀಪವಾಗಿರುವುದು. ವಿಶ್ವಾಮಿತ್ರನ ತಪೋಭಂಗದಲ್ಲಿ ಮೋಹವು ಕಾಣುವಷ್ಟು ಸ್ಪಷ್ಟವಾಗಿ ತಪಸ್ಸು ಕಾಣುವುದಿಲ್ಲ. ಇದು ಪೇಟೆಗಾಗಿ ಬರೆದುದರ ದೋಷವಲ್ಲ. ಪೇಟೆಗಾಗಿ ಬರೆದೂ ಮೌನವನ್ನು ಉಳಿಸಿಕೊಂಡವರುಂಟು. ಎಲ್ಲವನ್ನೂ ಒಂದೇ ಬೆಳಕಿನಲ್ಲಿ, ಒಂದೇ ಎತ್ತರದ ದನಿಯಲ್ಲಿ ಹೇಳುವ ರೀತಿಯ ದೋಷವಿದು. ಹೀಗೆ ಗುಣವನ್ನೂ ದೋಷವನ್ನೂ ಅವರವರ ಎಡೆಯಲ್ಲಿಟ್ಟು ನೋಡಿದರೆ ಪಂಡಿತರು ತಿರಸ್ಕಾರಕ್ಕೂ ಆರಾಧನೆಗೂ ಪಾತ್ರರಲ್ಲ, ಅಧ್ಯಯನಕ್ಕೆ ಪಾತ್ರರೆಂಬುದು ಗೊತ್ತಾಗುವುದು. ಬಾಳಿನ ಉತ್ತರಾರ್ಧದಲ್ಲಿ ಅವರು ಹುಟ್ಟೂರಿಗೆ ಮರಳಿದರು. ಕಲಬುರಗಿಯ ರಂಗಮಂದಿರವು ಅವರ ಹೆಸರನ್ನು ಹೊತ್ತಿರುವುದು. ಹೆಸರಿಟ್ಟ ಊರು ಅವರ ಚಿತ್ರವನ್ನು ಓದುವುದನ್ನೂ ಕಲಿಯಬೇಕಾಗಿರುವುದು.

ಪಂಡಿತರಿಗೆ ಊರಿನಲ್ಲಿ ದೊರೆಯದೆ ಹೋದ ಮುಂದಿನ ಕಲಿಕೆಯನ್ನು ಊರಿನಲ್ಲಿಯೇ ಒದಗಿಸುವುದು ಅವರ ನಂತರದವರ ಸಾಧನೆಯಾಯಿತು. ವಿ. ಜಿ. ಅಂದಾನಿಯವರ ‘ಐಡಿಯಲ್ ಫೈನ್ ಆರ್ಟ್’ ಸಂಸ್ಥೆಯೂ, ಜೆ. ಎಸ್. ಖಂಡೇರಾವ್ ಅವರ ಹೆಸರಿನೊಡನೆ ಬೆಸೆದುಕೊಂಡಿರುವ ಎಂ. ಎಂ. ಕೆ. ದೃಶ್ಯಕಲಾ ಮಹಾವಿದ್ಯಾಲಯವೂ ಈ ಬಗೆಯ ಕೆಲಸವನ್ನು ಕೈಕೊಂಡುವು. ಧಾರವಾಡದಲ್ಲಿ ಡಿ. ವಿ. ಹಾಲಭಾವಿಯವರೂ ಗದುಗಿನಲ್ಲಿ ಟಿ. ಪಿ. ಅಕ್ಕಿಯವರೂ ಕಟ್ಟಿದ ಶಾಲೆಗಳ ಪಂಕ್ತಿಗೆ ಇವು ಸೇರತಕ್ಕವು. ಐಡಿಯಲ್ ಸಂಸ್ಥೆಯು ನಡೆಸಿದ ಅಖಿಲಭಾರತ ಪ್ರದರ್ಶನಗಳ ಮೂಲಕ ದೂರದ ಪ್ರಾಂತಗಳ ಚಿತ್ರಕಾರರ ಕೃತಿಗಳು ಕಲಬುರಗಿಗೆ ಬಂದುವು. ಬೇರೆ ನಾಡಿನ ಕಲಾವಿದರು ತಮ್ಮ ಜೀವನವೃತ್ತದಲ್ಲಿ ಈ ಊರಿನ ಹೆಸರನ್ನು ಬರೆದುಕೊಳ್ಳುವಂತಾಯಿತು. ಕಲಿಯಲು ಹೊರಕ್ಕೆ ಹೋಗಬೇಕಾಗಿದ್ದ ಊರಿಗೆ ಹೊರಗಿನವರು ಚಿತ್ರ ಕಳುಹಿಸುವಂತಾದುದು ಅಲ್ಪವಾದ ಬದಲಾವಣೆಯಲ್ಲ.

ಆದರೆ ಶಾಲೆಯ ಶಕ್ತಿಯಲ್ಲಿಯೇ ಶಾಲೆಯ ಅಪಾಯವೂ ಅಡಗಿರುವುದು. ಪರೀಕ್ಷೆಗೆ ಒಗ್ಗುವುದು ವಿದ್ಧವೊಂದೇ. ಇಟ್ಟ ಹೂಜಿಯನ್ನು ಹೋಲುವಂತೆ ಬರೆದನೋ ಇಲ್ಲವೋ ಎಂಬುದಕ್ಕೆ ಅಂಕ ಕೊಡಬಹುದು. ಭಾವಕ್ಕೆ ಅಂಕ ಕೊಡುವುದು ಕಷ್ಟ. ಇದರಿಂದ ಹೋಲಿಕೆಯ ಕೈವಾಡವು ಹೆಚ್ಚಿ, ಏನನ್ನು ಏಕೆ ಬರೆಯಬೇಕೆಂಬ ವಿಚಾರವು ಹಿಂದುಳಿಯುವುದುಂಟು. ಇದಕ್ಕೆ ಪ್ರತಿಯಾಗಿ ಕೆಲವು ತರುಣರು ಹೋಲಿಕೆಯನ್ನು ಪೂರ್ತಿಯಾಗಿ ಬಿಟ್ಟು ಅಮೂರ್ತಕ್ಕೆ ಜಿಗಿಯುವರು. ಅವಿದ್ಧವು ಸುಲಭವೆಂಬ ಭ್ರಾಂತಿಯು ಇದರ ಮೂಲ. ಸೋಮೇಶ್ವರನ ಅವಿದ್ಧದಲ್ಲಿ ಆಕಾರವು ಸಂಪನ್ನವಾಗಬೇಕು. ಹಠಾತ್ತಾಗಿ ಹುಟ್ಟಿದುದರಿಂದಲೇ ಅದು ಅಪೂರ್ಣವಾಗಿರಬಹುದೆಂಬ ರಿಯಾಯಿತಿ ಇಲ್ಲ. ಈ ಎರಡು ತುದಿಗಳ ನಡುವೆ ದಾರಿ ಹುಡುಕುವವರು ನೆರೆಯ ಎರಡು ಪರಂಪರೆಗಳ ಕಡೆಗೆ ಕಣ್ಣು ಹಾಯಿಸಿದರೆ ಪ್ರಯೋಜನವುಂಟು.

ಒಂದನೆಯದು ಸುರಪುರದ ಚಿತ್ರಕಲೆ. ಸುರಪುರದ ನಾಯಕರ ಆಶ್ರಯದಲ್ಲಿ ಚಿನ್ನದ ರೇಕು ಹಾಕಿ ಬರೆದ ಸಣ್ಣ ಅಳತೆಯ ಈ ಚಿತ್ರಗಳಲ್ಲಿ ರೇಖೆಯೇ ಪ್ರಧಾನ. ನೆಳಲುಬೆಳಕಿನಿಂದ ಉಬ್ಬನ್ನು ತೋರಿಸುವ ಪಶ್ಚಿಮದ ರೀತಿಗೆ ಅಲ್ಲಿ ಪ್ರಾಧಾನ್ಯವಿಲ್ಲ. ೧೮೫೮ರಲ್ಲಿ ಆ ಸಂಸ್ಥಾನವು ಅಳಿದ ಮೇಲೆ ಆಶ್ರಯವೂ ಅಳಿಯಿತು. ಈಚೆಗೆ ಕಲಬುರಗಿಯ ವಿಜಯ ಹಾಗರಗುಂಡಗಿಯವರು ಈ ಶೈಲಿಯನ್ನು ಮತ್ತೆ ಕೈಗೆತ್ತಿಕೊಂಡಿರುವರು. ಇಂತಹ ಪುನರುಜ್ಜೀವನದ ಬೆಲೆಯನ್ನು ನಿರ್ಣಯಿಸುವ ಪ್ರಶ್ನೆ ಒಂದೇ: ಹಳೆಯ ರೇಖೆಯು ಹೊಸ ವಸ್ತುವನ್ನು ಹೊರಬಲ್ಲುದೇ? ಹಳೆಯ ಕೃತಿಯ ಪ್ರತಿಯನ್ನು ತೆಗೆಯುವುದರಿಂದ ಕೈ ಪಳಗುವುದು. ಕೈ ಪಳಗಿದ ಮೇಲೆ ಅದು ತನ್ನ ಕಾಲವನ್ನು ಮುಟ್ಟಲೇಬೇಕು.

ಎರಡನೆಯದು ಬೀದರಿನ ಬಿದರಿ ಕೆಲಸ. ಸತುವು ತಾಮ್ರಗಳ ಎರಕದಲ್ಲಿ ಬಳ್ಳಿ ಹೂಗಳನ್ನು ಕೊರೆದು, ಬೆಳ್ಳಿಯ ತಂತಿಯನ್ನು ಕೂಡಿಸಿ, ಬೀದರ ಕೋಟೆಯ ಮಣ್ಣನ್ನು ನವಸಾಗರದೊಡನೆ ಬೆರಸಿದ ನೀರಿನಿಂದ ಲೋಹವನ್ನು ಕಪ್ಪಾಗಿಸುವರು. ಬೆಳ್ಳಿಯು ಮಾತ್ರ ಬೆಳ್ಳಗೇ ಉಳಿಯುವುದು. ೨೦೦೬ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ, ೨೦೨೩ರಲ್ಲಿ ಶಾ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಪ್ರಶಸ್ತಿಯೂ ದೊರೆತುವು. ಆದರೂ ಬಿದರಿಯನ್ನು ಕಸುಬೆಂದೂ ಕಲಬುರಗಿಯ ತೈಲಚಿತ್ರವನ್ನು ಕಲೆಯೆಂದೂ ಬೇರೆ ಕಪಾಟುಗಳಲ್ಲಿಡುವ ರೂಢಿಯು ಹೋಗಿಲ್ಲ. ಕಪ್ಪಿನ ಮೇಲೆ ಬಿಳುಪಿನ ತೆಳುವಾದ ಗೆರೆಯು ಹೇಗೆ ಅವಕಾಶವನ್ನು ತುಂಬದೆಯೂ ತುಂಬುವುದೆಂಬುದನ್ನು ಬಿದರಿಯ ಒಂದು ಹೂಜಿಯಿಂದ ಕಲಿಯಬಹುದು. ಪಂಡಿತರ ಚಿತ್ರಗಳಲ್ಲಿ ಯಾವ ಮೌನವು ಕಡಿಮೆಯಾಯಿತೆಂದು ಹೇಳಲಾಯಿತೋ ಅದು ಈ ಕಪ್ಪಿನಲ್ಲಿ ಧಾರಾಳವಾಗಿ ಇರುವುದು. ಚಿತ್ರಶಾಲೆಯ ವಿದ್ಯಾರ್ಥಿಯೂ ಬಿದರಿಯ ಕುಶಲಿಯೂ ಒಂದೆಡೆ ಕುಳಿತು ಕೆಲಸಮಾಡುವ ಏರ್ಪಾಡಾದರೆ ಈ ಪ್ರಾಂತದ ಕಲೆಗೆ ಎರವಲಲ್ಲದ ಒಂದು ಮುಖವು ಬಂದೀತು.

ಇಷ್ಟಾದರೂ ಮೊದಲು ಹೇಳಿದ ಕೊರತೆಯು ಹಾಗೆಯೇ ನಿಲ್ಲುವುದು. ಸಂಸ್ಥೆಗಳು ಪ್ರಶಸ್ತಿ ಕೊಡಬಲ್ಲುವು, ಪ್ರದರ್ಶನ ನಡೆಸಬಲ್ಲುವು; ಕೃತಿಯ ಮುಂದೆ ನಿಂತು ಕಂಡುದನ್ನು ಕಂಡಂತೆ ಬರೆಯುವ ಕೆಲಸವು ಸಾಹಿತ್ಯಾಭ್ಯಾಸಿಗಳ ಪಾಲಿನದು. ಕನ್ನಡದಲ್ಲಿ ಇದು ಹೊಸ ಕೆಲಸವಲ್ಲ. ಶಿವರಾಮ ಕಾರಂತರು ಭಾರತೀಯ ಚಿತ್ರಕಲೆಯನ್ನು ಕುರಿತೂ, ಅ. ನ. ಕೃಷ್ಣರಾಯರು ರವಿವರ್ಮನನ್ನು ಕುರಿತೂ ಪುಸ್ತಕ ಬರೆದು ತೋರಿಸಿರುವರು. ಆ ದಾರಿಯಲ್ಲಿ ಕಲ್ಯಾಣ ಪ್ರಾಂತದ ಚಿತ್ರಕಾರರನ್ನು ಕುರಿತು ಬರೆಯಬೇಕಾದುದು ಬಹಳವಿರುವುದು: ಪಂಡಿತರ ಮೂಲಚಿತ್ರಗಳಿಗೂ ಅಚ್ಚಾದ ಪ್ರತಿಗಳಿಗೂ ಇರುವ ಅಂತರ, ಆಳಂದಕರರ ಪಾಠಕ್ರಮ, ಸುರಪುರದ ಮನೆತನಗಳಲ್ಲಿ ಉಳಿದ ಪಟಗಳ ಪಟ್ಟಿ, ಪ್ರದರ್ಶನಗಳ ಸೂಚಿಪತ್ರಗಳ ಸಂಗ್ರಹ. ಕಾಗದದ ಪಟವು ಕಲ್ಲಿನಂತೆ ಕಾಯದು. ವಿಳಂಬವಾದಷ್ಟೂ ಸಾಕ್ಷ್ಯವು ನಷ್ಟವಾಗುವುದು.

ಹುಮನಾಬಾದ ತಾಲೂಕಿನ ಜಲಸಂಗವಿಯ ದೇವಾಲಯದ ಹೊರಗೋಡೆಯಲ್ಲಿ ಶಿಲಾಬಾಲಿಕೆಯರ ಸಾಲಿನ ನಡುವೆ ಒಬ್ಬಳು ಬೆನ್ನು ತಿರುಗಿಸಿ ನಿಂತು ಶಾಸನವನ್ನು ಬರೆಯುತ್ತಿರುವಳು. ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಪ್ರಶಂಸೆಯು ಆ ಬರಹದ ವಿಷಯ. ಉಳಿದ ಬಾಲಿಕೆಯರು ನೋಡಲ್ಪಡುವುದಕ್ಕಾಗಿ ನಿಂತಿರುವರು. ಇವಳೊಬ್ಬಳು ತಾನೂ ಶಿಲ್ಪವಾಗಿದ್ದು ಬರವಣಿಗೆಯನ್ನೂ ಕೈಗೊಂಡಿರುವಳು. ಅರಸನ ಮಗನು ಚಿತ್ರದ ಲಕ್ಷಣವನ್ನು ಬರೆದುದೂ ಇದೇ ಸೀಮೆಯಲ್ಲಿ. ರೂಪವನ್ನು ಕಡೆಯುವ ಕೈಯೂ ಅದನ್ನು ಕುರಿತು ಬರೆಯುವ ಕೈಯೂ ಒಂದು ಕಾಲದಲ್ಲಿ ಇಲ್ಲಿ ಇಷ್ಟು ಹತ್ತಿರವಾಗಿದ್ದುವು. ೨೦೧೯ರಿಂದ ಈ ಪ್ರಾಂತಕ್ಕೆ ಕಲ್ಯಾಣವೆಂಬ ಹೆಸರು ಮರಳಿ ಬಂದಿರುವುದು. ಕೈ ಕೆಲಸಮಾಡುತ್ತಲೇ ಇರುವುದು. ಬರಹವೂ ಅದರ ಸಂಗಡ ಮರಳಿ ಬಂದಾಗಲೇ ಆ ಹೆಸರು ಸಾರ್ಥಕವಾಗುವುದು.