ಮೊದಲು ಗೆರೆ, ಆಮೇಲೆ ಹುಡುಗಿಯರು

ಹದಿನೇಳನೇ ಶತಮಾನದ ಫ್ರೆಂಚ್ ಮುದ್ರಣ ಕಲಾವಿದ ಅಬ್ರಹಾಂ ಬಾಸ್‌ನ ‘ಶಾಲೆಯ ಉಪಾಧ್ಯಾಯಿನಿ’ ಎಚ್ಚಿಂಗ್ ಮುಂದೆ ಜನ ನಿಲ್ಲುವುದು ಹೆಚ್ಚೆಂದರೆ ಅರ್ಧ ನಿಮಿಷ. “ಅಯ್ಯೋ, ಎಷ್ಟು ಮುದ್ದಾಗಿವೆ!” ಎಂದು ಮೊಬೈಲಲ್ಲಿ ಫೋಟೊ ಹೊಡೆದು, ಪಕ್ಕದ ಕೋಣೆಯ ತೈಲಚಿತ್ರಗಳತ್ತ ಓಡುತ್ತಾರೆ. ಬಣ್ಣವಿಲ್ಲದ್ದೆಲ್ಲ ಅವರ ಪಾಲಿಗೆ ಜೆರಾಕ್ಸ್. ನೀವು ಹಾಗಲ್ಲದಿದ್ದರೆ ಒಂದು ಭೂತಗನ್ನಡಿ ತನ್ನಿ.

ನನಗೆ ಕಣ್ಣು ಬಂದದ್ದು ಗ್ರಾಫಿಕ್ಸ್ ಕಲಿಸುತ್ತಿದ್ದ ಮೇಷ್ಟ್ರೊಬ್ಬರಿಂದ. ಚಿತ್ರದಲ್ಲಿನ ಹುಡುಗಿಯರ ಮುಖಗಳ ಮೇಲೆ ರಟ್ಟಿನ ಚೂರು ಇಟ್ಟು, “ಈಗ ಲಂಗ ನೋಡೋ” ಎಂದರು. ನೋಡಿದೆ. ಮಡಿಕೆಯ ಗೆರೆ ಎಳೆಯಾಗಿ ಹೊರಟು, ನಡುವೆ ಉಬ್ಬಿ, ಮತ್ತೆ ಎಳೆಯಾಗಿ ಮುಗಿಯುತ್ತಿತ್ತು. ಮಾಮೂಲಿ ಸೂಜಿ ಹೀಗೆ ಗೀಚುವುದಿಲ್ಲ. ಇದು ಎಶಾಪ್, ತುದಿಯನ್ನು ಓರೆಯಾಗಿ ತೇದ ಸೂಜಿ. ಬೆರಳಲ್ಲಿ ಹೊರಳಿಸಿದರೆ ಗೆರೆ ದಪ್ಪವಾಗುತ್ತದೆ. ನ್ಯಾನ್ಸಿ ಊರಿನ ಕಲಾವಿದ ಜಾಕ್ ಕಾಲೊ ಇದನ್ನು ರೂಢಿಗೆ ತಂದ. ಲ್ಯೂಟ್ ವಾದ್ಯ ಮಾಡುವವರ ಗಟ್ಟಿ ವಾರ್ನಿಶನ್ನೂ ಅವನೇ ಆಸಿಡ್ ತಡೆಯಲೆಂದು ತಾಮ್ರದ ಪ್ಲೇಟಿಗೆ ಬಳಿದ. ಬಾಸ್ ಹಠ ಹಿಡಿದದ್ದು ಇನ್ನೂ ಒಂದಕ್ಕೆ: ಆಸಿಡ್ ತಿಂದ ಗೆರೆ ಉಳಿಯಿಂದ ಕೆತ್ತಿದ ಗೆರೆಯಷ್ಟೇ ಚೊಕ್ಕಟವಾಗಿರಬೇಕು. ಓರೆಯಾಗಿ ನಿಲ್ಲಿಸಿದ ಪ್ಲೇಟಿನ ಮೇಲೆ ವಿನಿಗರ್, ನವಸಾಗರ, ಉಪ್ಪು, ತಾಮ್ರದ ಕಿಲುಬು ಸೇರಿಸಿ ಕಾಯಿಸಿದ ದ್ರಾವಣವನ್ನು ಮತ್ತೆ ಮತ್ತೆ ಸುರಿಯುವುದು. ತೆಳುವಾಗಿಯೇ ಉಳಿಯಬೇಕಾದ ಗೆರೆಗಳಿಗೆ ನಡುವೆ ಎಣ್ಣೆ-ಕೊಬ್ಬು ಬಳಿದು ಮುಚ್ಚಿ, ಉಳಿದವಕ್ಕೆ ಇನ್ನೊಂದು ಸುತ್ತು. ದೂರದ್ದು ಮಾಸಲಾಗಿಯೂ ಹತ್ತಿರದ್ದು ಕಪ್ಪಾಗಿಯೂ ಕಾಣುವುದು ಇದರಿಂದ. ಈ ಕಸುಬಿನ ಗುಟ್ಟನ್ನೆಲ್ಲ 1645ರಲ್ಲಿ ಪುಸ್ತಕ ಮಾಡಿ ಹಂಚಿಬಿಟ್ಟ, ಪುಣ್ಯಾತ್ಮ!

ರೆಂಬ್ರಾಂಟ್ ಭಕ್ತರು ಇವನನ್ನು ‘ಒಣ’ ಎಂದು ಜರಿಯುತ್ತಾರೆ. ಗೀಚಾಟವನ್ನೇ ಭಾವ ಎಂದುಕೊಂಡವರ ಜೊತೆ ವಾದ ಬೇಡ.

ಇನ್ನು ವಸ್ತು. ಚಿತ್ರ 1638ರ ಸುಮಾರಿನದು. ‘ಶಾಲೆಯ ಉಪಾಧ್ಯಾಯ’ ಇದರ ಜೋಡಿ. ಹುಡುಗಿಯರ ಕೈಯಲ್ಲಿ ಪುಸ್ತಕ ಕಂಡೊಡನೆ ಸ್ತ್ರೀಶಿಕ್ಷಣದ ಭಾಷಣ ಶುರುಮಾಡಬೇಡಿ. ಆಗ ಓದು ಬೇರೆ, ಬರಹ ಬೇರೆ ಪಾಠ. ಎಷ್ಟೋ ಹುಡುಗಿಯರಿಗೆ ಓದು ಸಿಕ್ಕಿತು, ಬರಹ ಸಿಗಲಿಲ್ಲ. ಚಿತ್ರದ ಕೆಳಗಿನ ಪದ್ಯ ಉಪದೇಶದ್ದು, ಅದನ್ನು ಕೊನೆಗೆ ಓದಿದರೆ ಸಾಕು. ಚಿತ್ರ ಯಾವುದೋ ಒಂದು ತರಗತಿಯ ವರದಿಯೂ ಅಲ್ಲ, ಹೂಡಿದ ದೃಶ್ಯ. ನೆಲದ ಲೆಕ್ಕಾಚಾರ ನೋಡಿದರೆ ತಿಳಿಯುತ್ತದೆ: ಬಾಸ್ ಪರ್ಸ್ಪೆಕ್ಟಿವ್ ಪಾಠ ಹೇಳುತ್ತಿದ್ದವನು, ಅದರ ಜಗಳದಲ್ಲೇ 1661ರಲ್ಲಿ ಚಿತ್ರಕಲೆಯ ರಾಜ ಅಕಾಡೆಮಿಯಿಂದ ಹೊರಬಿದ್ದವನು.

ಮುಂದೆ ಅವನ ಮುದ್ರಣಶಾಲೆಯ ಚಿತ್ರ ಹುಡುಕಿ. ಒಬ್ಬ ಕಾಲನ್ನೂ ಕೊಟ್ಟು ಪ್ರೆಸ್ಸಿನ ಚಕ್ರ ತಿರುಗಿಸುತ್ತಿದ್ದಾನೆ, ಮೇಲೆ ಹಗ್ಗದಲ್ಲಿ ಹಾಳೆಗಳು ಒಣಗುತ್ತಿವೆ. ಫ್ರೇಮ್ ಅಂಗಡಿಯವರು ಬಣ್ಣ ತುಂಬಿ ಮಾರುವ ಪ್ರತಿಯನ್ನು ಮಾತ್ರ ಮುಟ್ಟಬೇಡಿ. ಅದರಲ್ಲಿ ಲಂಗವಿರುತ್ತದೆ, ಗೆರೆ ಇರುವುದಿಲ್ಲ.